‘ಪಾಲಿಶ್ ಹಾಕು’ ಅಂದರೆ ಸವರುವುದೋ, ಹೆರೆಯುವುದೋ?

ಗೆಳೆಯರೇ,

ಒಂದು ಮಾತಿನ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿದೆ. ವಿಷಯ ಹಳೆಯ ಕಾರಿನದು, ತೊಡಕು ಮಾತ್ರ ಕನ್ನಡದ್ದು.

ನನ್ನ ಸೋದರಮಾವನ ಪದ್ಮಿನಿ ಕಾರು ಆರು ವರ್ಷದಿಂದ ಮೈಸೂರಿನ ನಮ್ಮ ಮನೆಯಲ್ಲಿದೆ. ಇಟಲಿಯ ಫಿಯೆಟ್ 1100 ಡಿ ಕಾರನ್ನೇ ಮುಂಬಯಿಯ ಕುರ್ಲಾದಲ್ಲಿ ತಯಾರಿಸಿ, ಆಮೇಲೆ ಪದ್ಮಿನಿ ಅಂತ ಹೆಸರಿಟ್ಟರು. ಮಾವ ಕೊನೆಯವರೆಗೂ ಅದನ್ನು ‘ಫಿಯೆಟ್’ ಅಂತಲೇ ಕರೆದರು. ಕಡುಕೆಂಪು ಬಣ್ಣ. ಈಗ ಆ ಕಾರು ಹುಬ್ಬಳ್ಳಿಗೆ, ನನ್ನ ಅಕ್ಕನ ಮಗನ ಮನೆಗೆ ಹೋಗಲಿದೆ. ಅದರ ಜೊತೆ ಕಳಿಸಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಮೈ ಹೇಗೆ ತೊಳೆಯಬೇಕು, ಏನು ಹಾಕಿ ಉಜ್ಜಬೇಕು, ಮೇಲೆ ಏನು ಹಚ್ಚಬೇಕು, ಇಷ್ಟೇ. ಎರಡನೇ ಸಾಲಿಗೇ ಪೆನ್ನು ನಿಂತುಬಿಟ್ಟಿತು.

ಹಳೆ ಕಾರಿನ ಬಣ್ಣಕ್ಕೆ ಮಾಡುವ ಕೆಲಸ ಎರಡು ಬಗೆಯದು. ಒಂದರಲ್ಲಿ ತೀರಾ ನುಣುಪಾದ ಪುಡಿ ಬೆರೆಸಿದ ಮುಲಾಮಿನಂಥದ್ದನ್ನು ಹಾಕಿ ತಿಕ್ಕುತ್ತೇವೆ. ಬಿಸಿಲಿಗೆ ಸತ್ತುಹೋದ ಮೇಲಿನ ಪದರ ಸ್ವಲ್ಪ ಸವೆದು ಹೋಗುತ್ತದೆ, ಒಳಗಿನ ಜೀವಂತ ಬಣ್ಣ ಹೊರಗೆ ಬರುತ್ತದೆ. ಇನ್ನೊಂದರಲ್ಲಿ ಬಣ್ಣದ ಮೇಲೆ ಮೇಣದ ತೆಳುವಾದ ಹೊದಿಕೆ ಕೂರಿಸುತ್ತೇವೆ. ಮೊದಲನೆಯದು ಕಳೆಯುವ ಕೆಲಸ, ಎರಡನೆಯದು ಕೂಡಿಸುವ ಕೆಲಸ. ಇಂಗ್ಲಿಷಿನವರು ಮೊದಲನೆಯದನ್ನು ಪಾಲಿಶ್ ಅಂದರು, ಎರಡನೆಯದನ್ನು ವ್ಯಾಕ್ಸ್ ಅಂದರು. ನಾವು ಎರಡನ್ನೂ ‘ಪಾಲಿಶ್ ಹಾಕು’ ಅನ್ನುತ್ತೇವೆ.

ಇದರಿಂದ ನನಗೆ ನಷ್ಟವೇ ಆಗಿದೆ. ಮೂರು ವರ್ಷದ ಹಿಂದೆ ದಸರೆಗೆ ಮುಂಚೆ ಕಾರನ್ನು ಒಂದು ಸರ್ವಿಸ್ ಅಂಗಡಿಯಲ್ಲಿ ಬಿಟ್ಟು, “ತೊಳೆದು ಪಾಲಿಶ್ ಹಾಕಿಡಿ, ಸಂಜೆ ಬರ್ತೀನಿ” ಅಂದು ಬಂದೆ. ನನ್ನ ಮನಸ್ಸಿನಲ್ಲಿದ್ದದ್ದು ಮೇಣ. ಅವರು ರಬ್ಬಿಂಗ್ ಕಾಂಪೌಂಡ್, ಅಂದರೆ ಆ ಪುಡಿ ಬೆರೆಸಿದ ಮುಲಾಮು, ಹಾಕಿ ಮೆಷಿನ್ ಓಡಿಸಿದ್ದರು. ಸಂಜೆ ಹೋದಾಗ ಬಾನೆಟ್ ಕನ್ನಡಿಯ ಹಾಗಿತ್ತು, ನನಗೂ ಖುಷಿಯಾಯಿತು. ಹಿಂದೆ ಹೋಗಿ ನೋಡಿದೆ. ಈ ಕಾರಿಗೆ ಹಿಂಬದಿಯ ಎರಡೂ ಕಡೆ ಮೀನಿನ ರೆಕ್ಕೆಯಂಥ ಏಣು ಇದೆ ನೋಡಿ, ಬಲಗಡೆಯ ಏಣಿನ ಮೇಲೆ ಎರಡು ಇಂಚು ಉದ್ದಕ್ಕೆ ಕೆಂಪೇ ಇಲ್ಲ. ಬೂದು ಬಣ್ಣದ ಪ್ರೈಮರ್ ಕಾಣುತ್ತಿತ್ತು. ಏಣಿನ ಮೇಲೆ ಬಣ್ಣ ಮೊದಲೇ ತೆಳು, ಮೆಷಿನ್ನಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಕಾರಿನ ಬಣ್ಣದ ದಪ್ಪ ಎಲ್ಲ ಪದರ ಸೇರಿಸಿದರೂ ಸುಮಾರು 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಅಷ್ಟರಲ್ಲಿ ಎಷ್ಟು ಸಲ ಕಳೆಯಲು ಸಾಧ್ಯ?

ಆ ಗಾಯವನ್ನು ತಿದ್ದಿಕೊಟ್ಟವರು ನಮ್ಮ ಕಡೆಯ ಹಳೇ ಪೇಂಟರ್ ಚಾಚಾ. ನಲವತ್ತು ವರ್ಷದಿಂದ ಟಿಂಕರಿಂಗ್ ಶೆಡ್ಡಿನಲ್ಲೇ ಕೆಲಸ ಮಾಡಿದವರು. ಅವರು ಹೇಳಿದ ಮಾತು ಹೀಗಿದೆ: “ರಬ್ಬಿಂಗ್ ಪಾಲಿಶ್ ಬೇರೆ, ವ್ಯಾಕ್ಸ್ ಪಾಲಿಶ್ ಬೇರೆ ಸಾರ್. ನೀವು ಬರೀ ಪಾಲಿಶ್ ಅಂದ್ರೆ ಮೆಷಿನ್ ಇರೋನು ಮೆಷಿನ್ ಹಿಡೀತಾನೆ.” ಶೆಡ್ಡಿನ ಮಾತಿನಲ್ಲಿ ಬೇಧ ಇದೆ. ಅದು ನಮ್ಮಂಥವರ ಬಾಯಿಗೆ ಬರುವಷ್ಟರಲ್ಲಿ ಮೊದಲಿನ ಅರ್ಧ ಬಿದ್ದುಹೋಗಿ ‘ಪಾಲಿಶ್’ ಮಾತ್ರ ಉಳಿದಿದೆ.

ಯಾಕೆ ಹೀಗಾಯಿತು ಅಂತ ಯೋಚಿಸಿದೆ. ‘ಪಾಲಿಶ್’ ನಮ್ಮ ಮನೆಗಳಿಗೆ ಬಂದ ದಾರಿಗಳೇ ಬೇರೆ ಬೇರೆ. ಬೂಟಿನ ಪಾಲಿಶ್ ಡಬ್ಬಿಯಲ್ಲಿ ಇರುವುದು ಹೆಚ್ಚಾಗಿ ಮೇಣವೇ, ಅದು ಕೂಡಿಸುವುದು. ಉಗುರಿನ ಪಾಲಿಶ್ ಕೂಡ ಕೂಡಿಸುವುದು. ಹಳೇ ಬೀಟೆ ಮರದ ಕುರ್ಚಿಗೆ ಹಾಕುವ ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅದೂ ಮೇಲೆ ಕೂರುವಂಥದ್ದು. ಆದರೆ ಅಕ್ಕಿಗೆ ಪಾಲಿಶ್ ಮಾಡಿದರೆ ತೌಡು ಹೋಗುತ್ತದೆ. ಮೊಸಾಯಿಕ್ ನೆಲಕ್ಕೆ ಪಾಲಿಶ್ ಹೊಡೆಯುವಾಗ ಬಾಗಿಲಿಂದ ಬೂದು ನೀರು ಹರಿಯುವುದನ್ನು ನೋಡಿದ್ದೀರಲ್ಲ, ಅದು ಸವೆದ ನೆಲವೇ. ಬಂಗಾರದ ಸರವನ್ನು ಪಾಲಿಶ್‌ಗೆ ಕೊಟ್ಟರೆ ನಮ್ಮ ಅಮ್ಮ ಮೊದಲು ತೂಕ ಮಾಡಿಸುತ್ತಿದ್ದರು, ವಾಪಸ್ ಬಂದ ಮೇಲೂ ಮಾಡಿಸುತ್ತಿದ್ದರು. ಪಾಲಿಶ್ ಅಂದರೆ ಕಳೆಯುವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಜೊತೆಗೆ ಬರುವ ಕ್ರಿಯಾಪದ ನೋಡಿ. ಬೂಟಿಗೆ ಪಾಲಿಶ್ ‘ಹಾಕು’, ಉಗುರಿಗೆ ‘ಹಚ್ಚು’. ಅಕ್ಕಿಗೆ ‘ಮಾಡು’, ನೆಲಕ್ಕೆ ‘ಹೊಡಿ’ ಅಥವಾ ‘ಮಾಡು’. ಅಕ್ಕಿಗೆ ಪಾಲಿಶ್ ಹಾಕಿದರು ಅಂತ ಯಾರೂ ಹೇಳುವುದಿಲ್ಲ. ಅಂದರೆ ಕನ್ನಡ ಆ ಬೇಧವನ್ನು ನಾಮಪದದಲ್ಲಿ ಇಡದೆ ಕ್ರಿಯಾಪದದಲ್ಲಿ ಇಟ್ಟುಕೊಂಡಿದೆ ಅನ್ನಿಸುತ್ತದೆ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಎರಡಕ್ಕೂ ‘ಹಾಕು’ ಬಂದು ಕೂತಿದೆ. ಹಾಗಾಗಿ ನಾಮಪದ ಹುಡುಕುವುದಕ್ಕಿಂತ ಸರಿಯಾದ ಕ್ರಿಯಾಪದ ಹುಡುಕುವುದೇ ಮೇಲು ಅಂದುಕೊಂಡೆ.

ಕಳೆಯುವ ಕೆಲಸಕ್ಕೆ ಮೊದಲು ನೆನಪಾದದ್ದು ‘ಒಪ್ಪ’. ಹಳೆಗನ್ನಡದ ‘ಒಪ್ಪವಿಡು’ ಅಂದರೆ ಉಜ್ಜಿ ಹೊಳಪು ತರುವುದು. ತಮಿಳಿನ ಒಪ್ಪಂ ಕೂಡ ಇದರ ಒಡಹುಟ್ಟು. ಚೆಂದದ ಪದ. ಆದರೆ ಇವತ್ತು ಒಪ್ಪ ಅಂದರೆ ಎಲ್ಲರಿಗೂ ‘ಒಪ್ಪ ಓರಣ’ ನೆನಪಾಗುತ್ತದೆ. “ಕಾರನ್ನು ಒಪ್ಪ ಮಾಡು” ಅಂದರೆ ನಮ್ಮ ಹುಡುಗ ಸೀಟು ಗುಡಿಸಿ, ಡಿಕ್ಕಿಯಲ್ಲಿರುವ ಸಾಮಾನು ಜೋಡಿಸಿಡುತ್ತಾನೆ. ‘ಸಾಣೆ ಹಿಡಿ’ ಕಳೆಯುವ ಕೆಲಸವೇ ನಿಜ, ಆದರೆ ಅದು ಕತ್ತಿಗೆ, ರತ್ನಕ್ಕೆ. ಕಲ್ಲಿನ ನೆನಪು ತರುವ ಮಾತನ್ನು ಬಣ್ಣದ ಹತ್ತಿರ ಬಿಡಲು ನನಗೆ ಧೈರ್ಯವಿಲ್ಲ.

ಇದನ್ನೆಲ್ಲ ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಅತ್ತೆ, ಅಂದರೆ ಮಾವನ ಹೆಂಡತಿ, ಅಲ್ಲೇ ಇದ್ದರು. “ಅದಕ್ಕೇನಪ್ಪಾ ಅಷ್ಟು ಯೋಚನೆ, ದೀಪದ ಕಂಬ ಬೆಳಗಿದ ಹಾಗೆ ಅಲ್ವಾ?” ಅಂದರು.

ಬೆಳಗು! ಹಿತ್ತಾಳೆ ಕಂಬ ಮಂಕಾದಾಗ ಹುಣಸೆಹಣ್ಣು ಹಚ್ಚಿ ಉಜ್ಜುತ್ತೇವೆ. ಕಪ್ಪಾದ ಪದರ ಹೋಗುತ್ತದೆ, ಒಳಗಿನ ಹಿತ್ತಾಳೆಯೇ ಹೊಳೆಯುತ್ತದೆ. ಹೊಳಪು ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಹಳೆ ಕಾರಿನ ಬಣ್ಣದಲ್ಲಿ ಆಗುವುದೂ ಇದೇ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಇರುತ್ತದೆ. ಮಾವನ ಕಾರಿಗೆ ಅದಿಲ್ಲ, ಕೈಗೆ ಸಿಗುವುದು ಬಣ್ಣವೇ. ಬಿಳಿ ಬನಿಯನ್ ಬಟ್ಟೆಯಲ್ಲಿ ಎರಡು ಸುತ್ತು ತಿಕ್ಕಿದರೆ ಸಾಕು, ಎಲೆ ಅಡಿಕೆ ಹಾಕಿಕೊಂಡವರು ಬಾಯಿ ಒರೆಸಿದ ಹಾಗೆ ಬಟ್ಟೆ ಕೆಂಪಾಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಗಾಬರಿಯಾಗಿತ್ತು. ಅಷ್ಟು ಹೊತ್ತಿಗೆ ಅಂಗೈಯಗಲ ಜಾಗ ಮಾವ ಓಡಿಸುತ್ತಿದ್ದ ಕಾಲದ ಕೆಂಪಿಗೆ ತಿರುಗಿತ್ತು. ಸುತ್ತಲೂ ಸುಣ್ಣ ಬೆರೆತಂಥ ಮಾಸಲು, ನಡುವೆ ಆ ಕೆಂಪು. ಇದಕ್ಕೆ ಬೆಳಗುವುದು ಅನ್ನದೆ ಬೇರೇನು ಅನ್ನಬೇಕು?

ಒಂದೇ ಭಯ. ಬೆಳಗು ಅಂದ ತಕ್ಷಣ ಯಾರಾದರೂ ತೆಂಗಿನ ನಾರು, ಬೂದಿ, ಸ್ಟೀಲ್ ಸ್ಕ್ರಬ್ಬರ್ ತಂದರೆ? ಹಾಗಾಗಿ ಹಾಳೆಯಲ್ಲಿ ‘ಮೆಲ್ಲಗೆ ಬೆಳಗು’ ಅಂತ ಬರೆದು, ಪಕ್ಕದಲ್ಲಿ ‘ವರ್ಷಕ್ಕೆ ಒಂದು ಸಲಕ್ಕಿಂತ ಜಾಸ್ತಿ ಬೇಡ’ ಅಂತ ಸೇರಿಸಿದ್ದೇನೆ.

ಇನ್ನು ವ್ಯಾಕ್ಸ್. ‘ಮೇಣ’ ಇದೆಯಲ್ಲ, ಮುಗಿಯಿತು ಅಂದುಕೊಂಡಿದ್ದೆ. ಶಿರಸಿ ಕಡೆಯ ಸ್ನೇಹಿತರೊಬ್ಬರು ನನ್ನ ಕರಡು ಓದಿ, “ಕಾರಿಗೆ ಮೇಣ ಮೆತ್ತುತ್ತೀರಾ?” ಅಂತ ಕೇಳಿದರು. ಮಲೆನಾಡಿನಲ್ಲಿ ಮೇಣ ಅಂದರೆ ಮೊದಲು ಹಲಸಿನ ಮೇಣ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳದೆ ಹಲಸು ಕುಯ್ದರೆ ಎರಡು ದಿನ ಬಿಡದ ಅಂಟು. ಕಾರಿನ ಮೇಣದ ಗುಣ ಪೂರ್ತಿ ತಿರುವುಮುರುವು, ದೂಳೂ ನೀರೂ ಅಂಟದ ಹಾಗೆ ಮಾಡುವುದೇ ಅದರ ಕೆಲಸ. ಬಯಲುಸೀಮೆಯವರಿಗೆ ಮೇಣ ಅಂದರೆ ಮೇಣದ ಬತ್ತಿ, ಜೇನುಮೇಣ. ಒಂದೇ ಪದ, ಊರಿಗೊಂದು ನೆನಪು. ಹಾಗೇ ವ್ಯಾಕ್ಸ್ ಅಂದದ್ದೆಲ್ಲ ಮೇಣವೂ ಅಲ್ಲ. ಲಕೋಟೆಗೆ ಮೊಹರು ಒತ್ತುವ ಸೀಲಿಂಗ್ ವ್ಯಾಕ್ಸ್ ನಮ್ಮಲ್ಲಿ ಅರಗು. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಲ್ಯಾಕ್ ಅಂಡ್ ಪೇಂಟ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಅದೇ ಅರಗು. ಚನ್ನಪಟ್ಟಣದ ಗೊಂಬೆಯ ಮೇಲೆ ಮಿನುಗುವುದೂ ಅರಗೇ. ಆದ್ದರಿಂದ ಕಾರಿಗೆ ‘ಅರಗು’ ಬೇಡ, ‘ಮೇಣ’ವೇ ಇರಲಿ.

ಯಾವ ಮೇಣ ಅಂತ ಬರೆಯುವಾಗ ಇನ್ನೊಂದು ವಿಷಯ ಹೇಳಲೇಬೇಕು. ಒಳ್ಳೆಯ ಕಾರು ಮೇಣದಲ್ಲಿ ಮುಖ್ಯವಾಗಿರುವುದು ಕಾರ್ನೌಬಾ. ಬ್ರೆಜಿಲ್ಲಿನ ಈಶಾನ್ಯ ಭಾಗದ ಒಂದು ಜಾತಿಯ ತಾಳೆಮರದ ಗರಿಯ ಮೇಲೆ ಕೂರುವ ಪುಡಿ ಅದು. ಗರಿ ಒಣಗಿಸಿ, ಬಡಿದು ಉದುರಿಸುತ್ತಾರೆ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದು ಕರಗಲು 80 ದಾಟಬೇಕು. ಮೇ ತಿಂಗಳ ಬಿಸಿಲಿನಲ್ಲಿ ಕಡುಬಣ್ಣದ ಬಾನೆಟ್ ಮುಟ್ಟಿ ನೋಡಿದವರಿಗೆ ಈ ಅಂತರದ ಬೆಲೆ ಗೊತ್ತಾಗುತ್ತದೆ. ಬರೀ ಕಾರ್ನೌಬಾ ಕಲ್ಲಿನಂತೆ ಗಟ್ಟಿ, ಅದಕ್ಕೇ ಎಣ್ಣೆ, ಬೇರೆ ಮೇಣ ಬೆರೆಸಿ ಮೆದು ಮಾಡುತ್ತಾರೆ. ಇದಕ್ಕೆ ‘ತಾಳೆಮೇಣ’ ಅನ್ನಬಹುದೇ? ಜೇನುಮೇಣದ ಜೋಡಿಯಾಗಿ ಕಿವಿಗೆ ಹಿತವಾಗಿದೆ. ಆದರೆ ತಾಳೆ ಎಣ್ಣೆಯಿಂದ ಮಾಡಿದ್ದು ಅಂತ ಯಾರಾದರೂ ತಿಳಿದಾರು. ‘ಗರಿಮೇಣ’ ಅನ್ನುವುದು ನನಗೆ ಜಾಸ್ತಿ ಇಷ್ಟ, ಅದು ಎಲ್ಲಿಂದ ಬಂತು ಅನ್ನುವುದನ್ನು ಹೆಸರೇ ಹೇಳುತ್ತದೆ.

ಸಿಲಿಕೋನ್ ಇರುವ ದ್ರಾವಣ ಹಚ್ಚಿದರೆ ಹೊಳಪು ಬೇಗ ಬರುತ್ತದೆ. ಆದರೆ ಮುಂದೆ ಆ ಜಾಗಕ್ಕೆ ಬಣ್ಣ ಹೊಡೆದರೆ ಬಣ್ಣ ಕೂರದೆ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಶೆಡ್ಡಿನಲ್ಲಿ ಫಿಶ್ ಐ ಅನ್ನುತ್ತಾರೆ. ಹಾಳೆಯಲ್ಲಿ ‘ಮೀನುಗಣ್ಣು’ ಅಂತ ಬರೆದೆ, ಚಾಚಾಗೆ ಕೇಳಿದ ಕೂಡಲೇ ಅರ್ಥವಾಯಿತು.

ಮೇಣಕ್ಕೆ ಯಾವ ಕ್ರಿಯಾಪದ? ಹುಬ್ಬಳ್ಳಿಯವರಿಗೆ ‘ಹಚ್ಚು’ ಸಹಜ. ನಮ್ಮ ಕಡೆ ‘ಬಳಿ’ ಕೂಡ ಬರುತ್ತದೆ, ಆದರೆ ಬಳಿಯುವುದು ಸುಣ್ಣವನ್ನು, ಧಾರಾಳವಾಗಿ. ಹೊಸಬರು ಮಾಡುವ ತಪ್ಪೂ ಅದೇ. ದಪ್ಪಗೆ ಮೆತ್ತಿದ ಮೇಣ ಒಣಗುವುದೂ ಇಲ್ಲ, ಒರೆಸಿದರೆ ಹೋಗುವುದೂ ಇಲ್ಲ. ರೊಟ್ಟಿಗೆ ಬೆಣ್ಣೆ ಸವರಿದಷ್ಟು ತೆಳುವಾಗಿರಬೇಕು. ಹಾಗಾಗಿ ನನ್ನ ಆಯ್ಕೆ ‘ಸವರು’. ಎಷ್ಟು ಹಚ್ಚಬೇಕು ಅನ್ನುವ ಅಳತೆ ಆ ಒಂದು ಪದದಲ್ಲೇ ಇದೆ.

ಸವರಿದ ಮೇಲೆ ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಮೇಲೆ ಬಿಳಿಚಿಕೊಂಡ ತೆಳು ಮುಸುಕು ಕಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ಕಾಣುತ್ತದಲ್ಲ, ಹಾಗೆ. ಬೆರಳು ಎಳೆದು ನೋಡಬೇಕು. ಗೆರೆಯ ಒಳಗೆ ಬಣ್ಣ ಸ್ವಚ್ಛವಾಗಿ ಕಂಡರೆ ಒರೆಸುವ ಹೊತ್ತು ಬಂತು, ಬೆರಳಿಗೆ ಜಿಡ್ಡು ಹತ್ತಿದರೆ ಇನ್ನೂ ಕಾಯಬೇಕು. ಈ ಮುಸುಕಿಗೆ ಇಂಗ್ಲಿಷಿನಲ್ಲಿ ಹೇಜ್ ಅನ್ನುತ್ತಾರೆ. ‘ಮಬ್ಬು’ ಅಂತ ಬರೆದಿದ್ದೆ. ಆದರೆ ಹಳೆಯ ಬಣ್ಣ ಮಂಕಾದದ್ದಕ್ಕೂ ನಾವು ಮಬ್ಬು ಅನ್ನುತ್ತೇವೆ, ಓದುವವನಿಗೆ ಗೊಂದಲವಾಗುತ್ತದೆ.

ಕೊನೆಯದಾಗಿ ಹೊಳಪಿನ ಮಾತು. ಬಣ್ಣ ಹೋಗಿದ್ದ ಆ ಏಣಿನ ಮೇಲೆ ಚಾಚಾ ಹೊಡೆದದ್ದು ಡ್ಯೂಕೋ. ಅದು ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ಲ್ಯಾಕರ್ ಬಣ್ಣದ ಹೆಸರು. ನಮ್ಮಲ್ಲಿ ಈಗ ವಾರ್ಡ್‌ರೋಬಿಗೆ ಸ್ಪ್ರೇ ಹೊಡೆಯುವ ಬಣ್ಣಕ್ಕೂ ಡ್ಯೂಕೋ ಅನ್ನುತ್ತಾರೆ. ಆ ಲ್ಯಾಕರ್ ಒಣಗಿದಾಗ ಮಂಕಾಗಿರುತ್ತಿತ್ತು, ಉಜ್ಜಿದ ಮೇಲೇ ಹೊಳೆಯುತ್ತಿತ್ತು. ಹಾಗೆ ಕೈಯಲ್ಲಿ ಬಂದ ಹೊಳಪು ಹೊಸ ಕಾರಿನ ‘ಫಳಫಳ’ ಅಲ್ಲ, ಹಿತ್ತಾಳೆಯ ‘ಥಳಥಳ’ವೂ ಅಲ್ಲ. ಎಣ್ಣೆ ನೀರು ಹಾಕಿಕೊಂಡ ಮಗುವಿನ ಮೈಯಂತೆ ‘ಮಿರಮಿರ’. ಹಾಳೆಯಲ್ಲಿ ‘ಮಿರಮಿರ ಅಂದರೆ ನಿಲ್ಲಿಸು’ ಅಂತಲೇ ಬರೆದಿದ್ದೇನೆ.

ನಿಮ್ಮನ್ನು ಕೇಳುವುದು ಇಷ್ಟು. ‘ಬೆಳಗು’ ಮತ್ತು ‘ಸವರು’ ಈ ಎರಡು ಕೆಲಸಕ್ಕೆ ನಿಮ್ಮ ಊರಿನ ಕಿವಿಗೆ ಸರಿಯಾಗಿ ಕೇಳುತ್ತವೆಯೇ? ಧಾರವಾಡ, ಹುಬ್ಬಳ್ಳಿ ಕಡೆಯವರು ದಯವಿಟ್ಟು ಹೇಳಿ, ಓದುವವನು ಅಲ್ಲಿಯವನು. ಕರಾವಳಿಯವರು ಮೇಣವನ್ನು ಹಲಸಿನಿಂದ ಬಿಡಿಸಿ ಹೇಗೆ ಹೇಳುತ್ತೀರಿ? ಬೆಳಗುವುದು, ಸವರುವುದು ಎರಡನ್ನೂ ಒಂದೇ ಏಟಿಗೆ ಮಾಡುವ ಡಬ್ಬಿಗಳೂ ಬಂದಿವೆ, ಪುಡಿಯೂ ಮೇಣವೂ ಕೂಡಿದ್ದು. ಅದಕ್ಕೆ ನನಗೆ ಪದವೇ ಸಿಕ್ಕಿಲ್ಲ. ಆ ಮುಸುಕಿಗೂ ಒಂದು ಒಳ್ಳೆಯ ಪದ ಬೇಕು. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಡಿಕ್ಕಿಯ ಮುಚ್ಚಳದ ಒಳಗೆ ಅಂಟಿಸುತ್ತೇನೆ. ಕಾರು ಮುಂದಿನ ತಿಂಗಳು ಹೊರಡುತ್ತದೆ, ಅಷ್ಟರೊಳಗೆ ಬರೆದರೆ ತಿದ್ದಿಕೊಳ್ಳುತ್ತೇನೆ.