ಹೈಬರ್ನೇಟ್: ಬೋಟುಗಳ ಪಟ್ಟಿ ತೆರೆಯಲು 17 ಸೆಕೆಂಡು, ದಯವಿಟ್ಟು ದಾರಿ ಹೇಳಿ

ಮಲ್ಪೆ_ಜಾವಾ:
ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಮೀನುಗಾರಿಕೆ ಬೋಟುಗಳ ಲೆಕ್ಕಕ್ಕೆ ಅಪ್ಲಿಕೇಶನ್ ಬರೆದಿದ್ದೇನೆ. ಜಾವಾದ ಸ್ಪ್ರಿಂಗ್ ಬೂಟ್, ಡೇಟಾಬೇಸ್ ಜೊತೆ ಮಾತಾಡಲು ಹೈಬರ್ನೇಟ್ 6, ಡೇಟಾಬೇಸ್ ಪೋಸ್ಟ್‌ಗ್ರೆಸ್. ಜೂನ್, ಜುಲೈ ನಿಷೇಧದ ಅವಧಿಯಲ್ಲಿ ಆರು ಬೋಟುಗಳ ಲೆಕ್ಕ ಹಾಕಿ ಪರೀಕ್ಷಿಸಿದಾಗ ಪಟ್ಟಿ ತಟ್ಟನೆ ಬರುತ್ತಿತ್ತು. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದವು. ಈಗ 240 ಬೋಟುಗಳ ಪಟ್ಟಿಗೆ 17 ಸೆಕೆಂಡು! ಹರಾಜಿನ ಹೊತ್ತಿನಲ್ಲಿ ಬಂಗುಡೆ ಬುಟ್ಟಿಗಳ ನಡುವೆ ನಿಂತು ಲೆಕ್ಕ ಬರೆಯುವವರು ನಿನ್ನೆ ಮೊಬೈಲನ್ನು ಜೇಬಿಗಿಟ್ಟು ಹಳೆಯ ಪುಸ್ತಕವನ್ನೇ ತೆಗೆದರು. ನೋಡಿ ಹೊಟ್ಟೆ ಉರಿಯಿತು.

ಕುದ್ರೋಳಿ_ಡಿಬಿ:
ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಇಲ್ಲ, ಅಷ್ಟೇ. ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀ ಇದ್ದ ಮಾತ್ರಕ್ಕೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ ಕಟ್ಟುವುದಿಲ್ಲ.

ಮಲ್ಪೆ_ಜಾವಾ:
ಕಟ್ಟಿದೆ. ಈಗಲೂ 17.

ಕುದ್ರೋಳಿ_ಡಿಬಿ:
ಹಾಗಾದರೆ ಅದನ್ನು ಬಳಸುತ್ತಿಲ್ಲ. ಎಕ್ಸ್‌ಪ್ಲೇನ್ ಅನಲೈಸ್ ಹಾಕಿ, ಡೇಟಾಬೇಸ್ ಹೇಗೆ ಹುಡುಕಿತು, ಎಷ್ಟು ಹೊತ್ತಾಯಿತು ಎಂದು ತೋರಿಸುತ್ತದೆ.

ಮಲ್ಪೆ_ಜಾವಾ:
ಬಳಸುತ್ತಿದೆ. ಒಂದು ಕ್ವೆರಿಗೆ, ಅಂದರೆ ಡೇಟಾಬೇಸ್‌ಗೆ ಕೇಳುವ ಒಂದು ಪ್ರಶ್ನೆಗೆ, 0.2 ಮಿಲಿಸೆಕೆಂಡು.

ಪುತ್ತೂರು_ಸರ್ವರ್:
ಹೈಬರ್ನೇಟ್ ಬಿಟ್ಟು ನೇರವಾಗಿ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನಲ್ಲೇ ಬರೆಯಿರಿ. ನನ್ನ ಮನೆಯ ಸರ್ವರ್‌ನಲ್ಲಿ 64 ಜಿಬಿ ರ‍್ಯಾಮ್ ಇದೆ, ಜೊತೆಗೆ ಎರಡು ಎಸ್‌ಎಸ್‌ಡಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಇನ್ವರ್ಟರ್‌ನಲ್ಲಿ ನಡೆಯುತ್ತದೆ. ಹತ್ತು ಲಕ್ಷ ಸಾಲು ಅದಕ್ಕೆ ಲೆಕ್ಕವೇ ಅಲ್ಲ.

ಮಣಿಪಾಲ_ಕಾಫಿ:
ಮಾರಾಯರೇ, ಅವರು ಕೇಳಿದ್ದು ಅದನ್ನಲ್ಲ. ನೇರವಾಗಿ ಬರೆದರೂ ಲೂಪಿನೊಳಗೆ ಕ್ವೆರಿ ಇಟ್ಟರೆ ಇದೇ ಗತಿ. ಮಲ್ಪೆಯವರೇ, ಪ್ರತಿ ಕ್ವೆರಿಯನ್ನೂ ಲಾಗ್‌ನಲ್ಲಿ ತೋರಿಸುವ ಷೋ ಎಸ್‌ಕ್ಯೂಎಲ್ ಆನ್ ಮಾಡಿ, ಒಂದು ಸಲ ಪುಟ ತೆರೆದರೆ ಎಷ್ಟು ಸೆಲೆಕ್ಟ್ (ಮಾಹಿತಿ ಓದುವ ಕ್ವೆರಿ) ಹೋಗುತ್ತವೆ ಎಣಿಸಿ.

ಮಲ್ಪೆ_ಜಾವಾ:
481! ಲಾಗ್ ಮುಗಿಯುವುದೇ ಇಲ್ಲ. ಪಟ್ಟಿಗೆ ಒಂದು, ಆಮೇಲೆ ಪ್ರತಿ ಬೋಟಿಗೂ ಮೀನಿಗೊಂದು, ಡೀಸೆಲ್-ಐಸ್ ಖರ್ಚಿಗೊಂದು. ಆದರೂ 0.2 ಮಿಲಿಸೆಕೆಂಡಿನಂತೆ ಲೆಕ್ಕ ಹಾಕಿದರೆ 17 ಸೆಕೆಂಡು ಆಗಬಾರದಲ್ಲ?

ಮಣಿಪಾಲ_ಕಾಫಿ:
ಡೇಟಾಬೇಸ್ ಎಲ್ಲಿದೆ?

ಮಲ್ಪೆ_ಜಾವಾ:
ಮುಂಬೈಯ ಕ್ಲೌಡ್‌ನಲ್ಲಿ. ಅಪ್ಲಿಕೇಶನ್ ಉಡುಪಿಯ ಕಚೇರಿಯ ಕಂಪ್ಯೂಟರ್‌ನಲ್ಲಿ. ಒಂದು ಸಲ ಹೋಗಿ ಬರಲು ಪಿಂಗ್ 35 ಮಿಲಿಸೆಕೆಂಡು ತೋರಿಸುತ್ತದೆ.

ಮಣಿಪಾಲ_ಕಾಫಿ:
ಇದನ್ನು ಮೊದಲೇ ಹೇಳಬೇಕಿತ್ತು! 481 ಸಲ ಮುಂಬೈಗೆ ಹೋಗಿ ಬಂದರೆ, 35ರಂತೆ ಹದಿನೇಳು ಸೆಕೆಂಡು ಸರಿಯಾಗಿ ಕೂಡುತ್ತದೆ. ಎನ್ ಪ್ಲಸ್ ಒನ್ ಅನ್ನುವುದು ಇದನ್ನೇ: ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಪಟ್ಟಿಯ ಪ್ರತಿಯೊಂದಕ್ಕೂ ಮತ್ತೆ ಕ್ವೆರಿ. ಆರು ಬೋಟುಗಳಿದ್ದಾಗ 13 ಸುತ್ತು ಮಾತ್ರ, ಹಾಗಾಗಿ ಗೊತ್ತಾಗಲಿಲ್ಲ. ಬೋಟಿನ ಜೊತೆಗೇ ಅದರ ಲೆಕ್ಕವನ್ನೂ ಒಂದೇ ಕ್ವೆರಿಯಲ್ಲಿ ತರುವ ಜಾಯಿನ್ ಫೆಚ್ ಹಾಕಿ.

ಮಲ್ಪೆ_ಜಾವಾ:
ಮೀನು, ಖರ್ಚು ಎರಡೂ ಪಟ್ಟಿಗಳಿಗೆ ಹಾಕಿದೆ. ಎರಡು ಲಿಸ್ಟ್ ಒಟ್ಟಿಗೆ ತರಲಾಗದು ಎಂಬ ದೋಷ, ಮಲ್ಟಿಪಲ್ ಬ್ಯಾಗ್ ಫೆಚ್ ಎಕ್ಸೆಪ್ಶನ್ ಎಂದು ನಿಂತುಬಿಟ್ಟಿತು.

ಕುದ್ರೋಳಿ_ಡಿಬಿ:
ಲಿಸ್ಟ್ ಬದಲು ಸೆಟ್ (ಒಂದೇ ವಸ್ತು ಎರಡು ಸಲ ಸೇರದ ಗುಂಪು) ಮಾಡಿ.

ಮಣಿಪಾಲ_ಕಾಫಿ:
ಬೇಡ. ಎಕ್ಸೆಪ್ಶನ್ ಹೋಗುತ್ತದೆ, ರೋಗ ಉಳಿಯುತ್ತದೆ. ಒಂದು ಬೋಟಿಗೆ 30 ಮೀನಿನ ಸಾಲು, 20 ಖರ್ಚಿನ ಸಾಲು ಇದ್ದರೆ ಒಂದೊಂದೂ ಇನ್ನೊಂದರ ಪ್ರತಿ ಸಾಲಿನ ಜೊತೆ ಜೋಡಿಯಾಗಿ 600 ಸಾಲು ಬರುತ್ತವೆ. ಹೈಬರ್ನೇಟ್‌ನಲ್ಲಿ ಡಿಫಾಲ್ಟ್ ಬ್ಯಾಚ್ ಫೆಚ್ ಸೈಜ್ 50 ಎಂದು ಕೊಡಿ, ಜಾಯಿನ್ ಫೆಚ್ ತೆಗೆಯಿರಿ. ಐವತ್ತು ಬೋಟುಗಳ ಮೀನಿನ ಲೆಕ್ಕ ಒಂದೇ ಕ್ವೆರಿಯಲ್ಲಿ ಬರುತ್ತದೆ.

ಮಲ್ಪೆ_ಜಾವಾ:
11 ಕ್ವೆರಿ. ಅರ್ಧ ಸೆಕೆಂಡು! ಕೈ ಮುಗಿಯುತ್ತೇನೆ.

ಕುದ್ರೋಳಿ_ಡಿಬಿ:
ಇಂಡೆಕ್ಸ್ ತೆಗೆಯಬೇಡಿ ಮತ್ತೆ.

ಕುಂದಾಪುರ_ಬಸ್:
ಇಲ್ಲೇ ಕೇಳುತ್ತೇನೆ. ನನ್ನ ಡೇಟಾಬೇಸ್ ಒರಾಕಲ್, ಕ್ವೆರಿ ಒಂದೇ, 20,000 ಸಾಲು. ಆದರೂ ನಿಧಾನ.

ಮಣಿಪಾಲ_ಕಾಫಿ:
ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಒರಾಕಲ್ ಜೆಡಿಬಿಸಿ ಡ್ರೈವರ್ ಡಿಫಾಲ್ಟ್ ಆಗಿ ಒಂದು ಸಲಕ್ಕೆ ಹತ್ತೇ ಸಾಲು ತರುತ್ತದೆ. ಅಂದರೆ ನಿಮಗೆ 2,000 ಸುತ್ತು. ಜೆಡಿಬಿಸಿ ಫೆಚ್ ಸೈಜ್ 500 ಮಾಡಿ ನೋಡಿ. ನಿಮ್ಮ ಡೇಟಾಬೇಸ್ ಎಲ್ಲಿದೆ?

ಕುಂದಾಪುರ_ಬಸ್:
ಅದು ನನಗೂ ಗೊತ್ತಿಲ್ಲ. ಸೋಮವಾರ ಕಚೇರಿಯಲ್ಲಿ ಕೇಳಿ ಬರೆಯುತ್ತೇನೆ.