‘ಜರ್ನಿಮನ್’ ಆಟಗಾರನಿಗೆ ಕನ್ನಡದಲ್ಲಿ ಏನೆನ್ನೋಣ?

ಬೇಸ್‌ಬಾಲ್ ಬರಹಗಳಲ್ಲಿ ‘ಜರ್ನಿಮನ್ ಪಿಚರ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಪಿಚರ್ ಎಂದರೆ ಬ್ಯಾಟರ್‌ಗೆ ಚೆಂಡೆಸೆಯುವವನು; ಜರ್ನಿಮನ್ ಎಂದರೆ ತಂಡದಿಂದ ತಂಡಕ್ಕೆ ಹೋಗುತ್ತಲೇ ಆಡಿದವನು. ಅಂಥ ಒಬ್ಬ ಅಮೆರಿಕನ್ ಪಿಚರ್ ಎಡ್ವಿನ್ ಜಾಕ್ಸನ್ ಕುರಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಒಂದು ಪದಕ್ಕೆ ಒಪ್ಪುವ ಮಾತು ಸಿಗುತ್ತಿಲ್ಲ.

ಥಟ್ಟನೆ ಹೊಳೆಯುವುದು ‘ಅಲೆಮಾರಿ’. ಆದರೆ ಅಲೆಮಾರಿ ತಾನಾಗಿ ಹೊರಡುತ್ತಾನೆ. ಜಾಕ್ಸನ್‌ನನ್ನು ಬಹಳ ಸಲ ತಂಡಗಳೇ ಕೊಟ್ಟು ತೆಗೆದುಕೊಂಡವು. ತಂದೆ ಅಮೆರಿಕದ ಸೇನೆಯಲ್ಲಿದ್ದುದರಿಂದ ಅವನು ಹುಟ್ಟಿದ್ದು ಜರ್ಮನಿಯ ನೊಯಿ-ಉಲ್ಮ್‌ನಲ್ಲಿ, 1983ರಲ್ಲಿ. ತನ್ನ ಇಪ್ಪತ್ತನೆಯ ಹುಟ್ಟುಹಬ್ಬದಂದೇ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಪರವಾಗಿ ಮೊದಲ ಪಂದ್ಯ ಆಡಿ, ಆ ಕಾಲದ ದೈತ್ಯ ಪಿಚರ್ ರ‍್ಯಾಂಡಿ ಜಾನ್ಸನ್ ಎದುರು ಗೆದ್ದ. 2010ರ ಜೂನ್ 25ರಂದು ಅರಿಜೋನಾ ಪರವಾಗಿ, ತನ್ನ ಹಳೆಯ ತಂಡ ಟ್ಯಾಂಪಾ ಬೇ ವಿರುದ್ಧವೇ, ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಸೇರುವುದು) ಕೊಡದೆ ಪಂದ್ಯ ಮುಗಿಸಿದ. ಎಸೆತಗಳು 149! ಗುರಿ ತಪ್ಪಿದ ಎಸೆತಗಳಿಂದ ಎಂಟು ಬ್ಯಾಟರ್‌ಗಳನ್ನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆಸಿಯೂ ಗೆದ್ದ. ಐದು ವಾರ ಕಳೆಯುವಷ್ಟರಲ್ಲಿ ಅರಿಜೋನಾ ಅವನನ್ನು ಷಿಕಾಗೊ ವೈಟ್ ಸಾಕ್ಸ್ ತಂಡಕ್ಕೆ ದಾಟಿಸಿತ್ತು. ಮರುವರ್ಷ ಜುಲೈ 27ರಂದು ಷಿಕಾಗೊದಿಂದ ಟೊರಾಂಟೊಗೆ, ಅದೇ ದಿನ ಅಲ್ಲಿಂದ ಸೇಂಟ್ ಲೂಯಿಸ್‌ಗೆ. ಟೊರಾಂಟೊ ಅಂಗಿ ತೊಡಲೇ ಇಲ್ಲ. ಆ ಅಂಗಿ ಮೈಗೆ ಬಂದದ್ದು 2019ರಲ್ಲಿ. ಅದು ಅವನ ಹದಿನಾಲ್ಕನೆಯ ತಂಡ, ಅಂದಿಗೆ ದಾಖಲೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಬೆಳ್ಳಿ ತಂದ ತಂಡದಲ್ಲೂ ಇದ್ದ.

ಇಂಗ್ಲಿಷಿನ ಪದಕ್ಕೂ ಪ್ರಯಾಣಕ್ಕೂ ನೇರ ನಂಟಿಲ್ಲ. ಫ್ರೆಂಚಿನಲ್ಲಿ ‘ಜೂರ್ನೆ’ ಎಂದರೆ ಒಂದು ದಿನ. ಕಸುಬು ಕಲಿತು ಮುಗಿಸಿದ, ಆದರೆ ಸ್ವಂತ ಅಂಗಡಿ ಇಡದೆ ಯಜಮಾನನ ಕೈಕೆಳಗೆ ಕೂಲಿಗೆ ದುಡಿಯುವ ಕುಶಲಕರ್ಮಿಯೇ ಮೂಲದ ‘ಜರ್ನಿಮನ್’. ಹಾಗೆಂದು ‘ದಿನಗೂಲಿ’ ಎಂದು ಬರೆದರೆ ನಗೆಪಾಟಲು: ಷಿಕಾಗೊದ ಇನ್ನೊಂದು ತಂಡ ಕಬ್ಸ್ ಜಾಕ್ಸನ್‌ನಿಗೆ ನಾಲ್ಕು ವರ್ಷಕ್ಕೆ 5.2 ಕೋಟಿ ಡಾಲರ್ ಒಪ್ಪಿತ್ತು. (ಮೊದಲ ವರ್ಷವೇ ಹದಿನೆಂಟು ಪಂದ್ಯ ಸೋತ, ಅದು ಬೇರೆ ಮಾತು.) ‘ಏಳು ಕೆರೆಯ ನೀರು ಕುಡಿದವನು’ ಎಂದರೆ ಅನುಭವವೇನೋ ಬಂತು, ಜೊತೆಗೆ ಕಿಲಾಡಿತನದ ವಾಸನೆಯೂ ಬಂತು.

ನನಗೆ ಹತ್ತಿರವೆನಿಸಿದ್ದು ಯಕ್ಷಗಾನದ ‘ತಿರುಗಾಟ’. ಕಲಾವಿದರ ಪರಿಚಯದಲ್ಲಿ ‘ಇಂಥ ಮೇಳದಲ್ಲಿ ಇಷ್ಟು ತಿರುಗಾಟ’ ಎಂದೇ ಲೆಕ್ಕ ಹಾಕುತ್ತಾರೆ. ಪದದಲ್ಲಿ ದುಡಿಮೆಯೂ ಇದೆ, ಗೌರವವೂ ಇದೆ. ತೊಡಕೆಂದರೆ, ಬದುಕಿಡೀ ಒಂದೇ ಮೇಳದಲ್ಲಿ ಉಳಿದವರದ್ದೂ ತಿರುಗಾಟವೇ. ಮೇಳ ಬದಲಿಸಿದ ಅರ್ಥ ಅದರಲ್ಲಿಲ್ಲ. ಎಲ್ಲರಿಗೂ ಬೇಕಾದವನು, ಯಾರೂ ಉಳಿಸಿಕೊಳ್ಳದವನು ಎಂಬ ಎರಡೂ ಛಾಯೆಗಳು ಒಟ್ಟಿಗೆ ಬರಬೇಕಲ್ಲ!

ಸದ್ಯಕ್ಕೆ ‘ಹಲವು ತಂಡ ಕಂಡ ಪಿಚರ್’ ಎಂದು ಬರೆದಿಟ್ಟಿದ್ದೇನೆ. ‘ಪಿಚ್’ ಎಂದರೆ ನಮ್ಮ ಓದುಗರಿಗೆ ಕ್ರಿಕೆಟ್ ಅಂಗಳದ ನಡುವಿನ ನೆಲ, ಹಾಗಾಗಿ ‘ಎಸೆತಗಾರ’ ವಾಸಿಯೇನೋ. ಆದರೆ ಅದನ್ನು ಬೌಲರ್‌ಗೂ ಜಾವೆಲಿನ್‌ನವರಿಗೂ ಬಳಸುವುದುಂಟು.

ವೃತ್ತಿ ನಾಟಕ ಕಂಪನಿಗಳ ಮಾತು ಬಲ್ಲವರು ಇಲ್ಲಿ ಇದ್ದೀರಿ. ವರ್ಷಕ್ಕೊಂದು ಕಂಪನಿ ಸೇರುತ್ತಿದ್ದ ನಟನನ್ನು ಅಲ್ಲಿ ಏನೆಂದು ಕರೆಯುತ್ತಿದ್ದರು? ಹೊಗಳಿಕೆಯಾಗಿಯೇ, ಮೂದಲಿಕೆಯಾಗಿಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.