ಕೆಲ್ಸ ಬಿಡೋಕೆ ಮನಸ್ಸಿಲ್ಲ, ಆದ್ರೆ ನೈಟ್ ಡ್ಯೂಟಿ ಸಾಕಾಗೋಗಿದೆ, ಏನ್ ಮಾಡ್ಲಿ?

ಮಂಡ್ಯದ ಸಿಸ್ಟರ್:
ಎಲ್ರಿಗೂ ನಮಸ್ತೆ. ಮೈಸೂರಿನ ಒಂದು ಪ್ರೈವೇಟ್ ಆಸ್ಪತ್ರೇಲಿ ಮಕ್ಕಳ ವಾರ್ಡಿನ ಸ್ಟಾಫ್ ನರ್ಸ್ ನಾನು, ಮನೆ ಮಂಡ್ಯ, ಮಗೂಗೆ 11 ತಿಂಗ್ಳು. ನೈಟ್ ಅಂದ್ರೆ 8ರಿಂದ 8, ಆದ್ರೆ ಮುಂದಿನ ಶಿಫ್ಟಿನ ರಿಲೀವರ್ ಬಂದು ಹ್ಯಾಂಡೋವರ್ ಮುಗಿಯೋಷ್ಟ್ರಲ್ಲಿ 9 ಆಗುತ್ತೆ, ಆಮೇಲೆ ಸಬರ್ಬ್ ಸ್ಟ್ಯಾಂಡಲ್ಲಿ ಬಸ್ ಹತ್ತಿ 45 ಕಿಲೋಮೀಟರ್ ನಿಂತ್ಕೊಂಡು ಬರೋಷ್ಟ್ರಲ್ಲಿ ಹಾಲು ಕಟ್ಕೊಂಡು ಎದೆ ಕಲ್ಲಾಗಿರುತ್ತೆ. ಮೊನ್ನೆ ಮನೆಗೆ ಬಂದು ಕೈ ಚಾಚಿದ್ರೆ ಮಗು ನಮ್ಮತ್ತೆ ಹೆಗಲಿಗೆ ಮುಖ ಒತ್ಕೊಂಡ್ಬಿಡ್ತು. ತುಂಬ ಅತ್ಬಿಟ್ಟೆ.

ಮನೇಲಿ ಯಾವ್ದಾದ್ರೂ ಕ್ಲಿನಿಕ್ ಸೇರ್ಕೋ ಅಂತಾರೆ. ಆದ್ರೆ ವಾಂತಿಭೇದಿಯಾಗಿ ಒಣಗೋಗಿರೋ ಕೂಸಿಗೆ ರಕ್ತನಾಳಾನೇ ಸಿಗ್ದೇ ಇದ್ದಾಗ ಅಂಗೈ ಕೆಳಗೆ ಟಾರ್ಚ್ ಹಿಡ್ದು ಹುಡುಕಿ ಡ್ರಿಪ್ ಹಾಕೋ ಸಣ್ಣ ನಳಿಕೆ, ಕ್ಯಾನುಲಾ, ಹಾಕ್ತೀನಲ್ಲ, ಡ್ರಿಪ್ ಹೋದ್ಮೇಲೆ ಅದು ಅತ್ರೆ ಒಣಗಿದ್ದ ಅದರ ಕಣ್ಣಲ್ಲಿ ಮತ್ತೆ ನೀರು ಬರುತ್ತೆ, ಅದನ್ನ ನೋಡೋಕೆ ನಾನು ಈ ಕೆಲ್ಸಕ್ಕೆ ಬಂದಿದ್ದು. ಎರಡೂ ತೂಗಿಸ್ಕೊಂಡು ಹೋಗ್ತಿರೋರು ಯಾರಾದ್ರೂ ಇದ್ರೆ ಹೇಳಿ.

ಹಳೇ ವಾರ್ಡ್ ಇನ್‌ಚಾರ್ಜ್, ಮೈಸೂರು:
ಅಳ್ಬೇಡ ಕಣವ್ವ. ಮಗೂಗೆ 15 ತಿಂಗ್ಳು ಆಗೋವರ್ಗೂ ಡ್ಯೂಟಿ ಮಧ್ಯೆ ದಿನಕ್ಕೆ 2 ಸಲ ಹಾಲುಣಿಸೋಕೆ ಬಿಡುವು ಕೊಡ್ಬೇಕು ಅಂತ ಕಾನೂನಿದೆ, ಇವತ್ತು ನಿನ್ನೇದಲ್ಲ, 1961ರ ಹೆರಿಗೆ ಸೌಲಭ್ಯ ಕಾಯ್ದೇಲೇ ಬಂದಿದ್ದು. ಆ ಟೈಮಲ್ಲಿ ಹಾಲು ಹಿಂಡಿ ಫ್ರಿಜ್ಜಲ್ಲಿಡು, 4 ದಿನ ಇರುತ್ತೆ. ಕಟ್ಕೊಳ್ಳೋಕೆ ಬಿಟ್ರೆ ಗಂಟಾಗಿ ಜ್ವರ ಬರುತ್ತೆ ಅನ್ನೋದು ನಿಂಗೆ ನಾನು ಹೇಳ್ಬೇಕಾ? ಬಾಯಲ್ಲಿ ಕೇಳ್ಬೇಡ, ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಲೆಟರ್ ಕೊಟ್ಟು ಒಂದು ಕಾಪಿಗೆ ಸೈನ್ ಹಾಕಿಸ್ಕೋ. 50 ಜನ ಕೆಲ್ಸಕ್ಕಿರೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಕೂಸಿನ ಮನೆನೂ ಇರ್ಬೇಕು, 2017ರ ತಿದ್ದುಪಡೀಲಿ ಬಂತು.

ಲ್ಯಾಬ್ ಟೆಕ್ನಿಶಿಯನ್:
ಅಕ್ಕ ನಮ್ ಕಡೆನೂ ಇದೇ ಗೋಳು. ಸ್ಟಾಫು ಮನಸ್ಸಿಟ್ಟು ಕೆಲ್ಸ ಮಾಡ್ತಿಲ್ಲ ಅಂತ ವಾರದ ರಜೆ ದಿನಾನೇ ಕರೆಸಿ ಮೋಟಿವೇಶನ್ ಕ್ಲಾಸ್ ಮಾಡಿದ್ರು, ನಮಗೆ ಬೇಕಾಗಿದ್ದು ಟೈಮಿಗೆ ಬರೋ ರಿಲೀವರ್ರು ಮತ್ತೆ ತಿಂಗ್ಳಿಗೆ ಮುಂಚೆನೇ ಕೈಗೆ ಸಿಗೋ ಡ್ಯೂಟಿ ಪಟ್ಟಿ ಅಷ್ಟೇ. ಕೊನೆಗೆ ನಾವು ಐದು ಜನ ಒಟ್ಟಿಗೆ ಹೋಗಿ ಕೇಳಿದ್ವಿ, ಈಗ 15 ದಿನದ್ದಾದ್ರೂ ಮೊದ್ಲೇ ಹಾಕ್ತಾರೆ. ಒಬ್ಳೇ ಹೋಗ್ಬೇಡಿ.

ಮಂಡ್ಯದ ಸಿಸ್ಟರ್:
ಥ್ಯಾಂಕ್ಸ್ ಅಮ್ಮ, ಈ ಹಾಲಿನ ಬಿಡುವಿನ ವಿಷ್ಯ ಯಾರೂ ಹೇಳೇ ಇರ್ಲಿಲ್ಲ. ಕೂಸಿನ ಮನೆ ಇದ್ರೂ ಆ ರಶ್ಶಲ್ಲಿ ಮಗೂನ ಎತ್ಕೊಂಡು ಬಸ್ ಹತ್ತೋಕಾಗಲ್ಲ, ಅದಕ್ಕೆ ಬಿಡುವು ಮತ್ತೆ 4 ತಿಂಗ್ಳು ಬರೀ ಡೇ ಶಿಫ್ಟು ಕೇಳಿ ಲೆಟರ್ ಬರ್ದಿದೀನಿ. ನಮ್ ವಾರ್ಡಲ್ಲಿ ಇನ್ನೂ ಇಬ್ರು ಬಾಣಂತನ ಮುಗಿಸಿ ಬಂದೋರಿದಾರೆ, ಸೋಮವಾರ ಮೂರೂ ಜನ ಸೈನ್ ಹಾಕಿ ಕೊಡ್ತೀವಿ.